ಬೀಗ ಬಿಚ್ಚದ ಕಳ್ಳಿ

"ಬೀಗ ಬಿಚ್ಚೋದು ಬರ್ಕೊ," ಎಂದಳು ಅಕ್ಕ. "ಸದ್ದಿಲ್ಲದೆ ನಡೆಯೋದು ಬರ್ಕೊ. ಗೋಡೆ ಹತ್ತೋದು, ಜೇಬು ಕತ್ತರಿಸೋದು. ನಾಲ್ಕಾಯ್ತು. ರೀ, ಇವಳದ್ದು ಮುಗೀತು, ಆಟ ಶುರು ಮಾಡಿ."

ಗುಬ್ಬಿ ಇನ್ನೂ ಪೆನ್ಸಿಲ್ಲನ್ನೇ ಕೈಗೆತ್ತಿಕೊಂಡಿರಲಿಲ್ಲ.

ಭಾನುವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ತಟ್ಟೆಗಳ ಬದಲು ಭಾವ ಬಿಡಿಸಿದ ನಕ್ಷೆಗಳು ಹರಡಿದ್ದವು. ಭಾವ ಒಂದು ಇಂಜಿನಿಯರ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ವಾರವಿಡೀ ಕಂಡವರ ಮನೆಗಳಿಗೆ ಬಾಗಿಲು, ಕಿಟಕಿ ಬರೆಯುವವರು, ಭಾನುವಾರ ಬಂತೆಂದರೆ ಯಾರೂ ಕಟ್ಟದ ಕೋಟೆಗಳಿಗೆ ಸುರಂಗ ಬರೆಯುತ್ತಿದ್ದರು. ಈ ಆಟ ಅವರು ಹಚ್ಚಿದ ಹುಚ್ಚು. ಅವರು ಕತೆ ಹೇಳುತ್ತಾ ಹೋಗುತ್ತಾರೆ. ಸುತ್ತ ಕೂತವರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ಇಳಿಯುತ್ತಾರೆ. ಯಾರು ಏನು ಮಾಡಹೊರಟರೂ ಅದು ಕೈಗೂಡಿತೋ ಇಲ್ಲವೋ ಎಂದು ತೀರ್ಪು ಕೊಡುವುದು ಇಪ್ಪತ್ತು ಮುಖದ ಒಂದು ದಾಳ. ಪಾತ್ರ ಆರಿಸಿಕೊಂಡ ನಾಲ್ಕು ವಿದ್ಯೆಗಳಲ್ಲಿ ಒಂದಾದರೆ ದಾಳದ ಮೇಲೆ ಬಿದ್ದದ್ದಕ್ಕೆ ನಾಲ್ಕು ಅಂಕ ಹೆಚ್ಚು ಸೇರುತ್ತದೆ. ಅಷ್ಟೇ ಆಟ. ಆದರೆ ಅದರ ಮುಂದೆ ಕೂತರೆ ಚಹಾ ಆರುವುದೂ ತಿಳಿಯುತ್ತಿರಲಿಲ್ಲ.

ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಈ ಆಟದಲ್ಲಿ ಖಡ್ಗ ಹಿಡಿದ ದಂಡನಾಯಕ. ನಿವೃತ್ತರಾದರೂ ಅವರ ಗಂಟಲು ಇನ್ನೂ ಮೈದಾನದಲ್ಲೇ ಇತ್ತು. ಎದುರು ಮನೆಯ ನರ್ಸಮ್ಮ ಮಂತ್ರಗಾತಿ. ವಾರಪೂರ್ತಿ ಗಾಯ ಕಟ್ಟುವ ಆಕೆ ಭಾನುವಾರ ಬೆಂಕಿ ಮಂತ್ರ ಬಿಟ್ಟು ಬೇರೇನನ್ನೂ ಕಲಿಯಲು ಒಪ್ಪುತ್ತಿರಲಿಲ್ಲ. ಅಕ್ಕ ಗಾಯ ಮಾಯಿಸುವ ಸನ್ಯಾಸಿನಿ. ಇವರ ತಂಡದಲ್ಲಿ ಕಳ್ಳನಾಗಿದ್ದವರು ಕೆಳಮನೆಯ ಬ್ಯಾಂಕಿನವರು. ಅವರು ವರ್ಗವಾಗಿ ಹೋದ ಮೇಲೆ ಜಾಗ ಖಾಲಿ ಬಿದ್ದಿತ್ತು. ಇಷ್ಟು ದಿನ ಚಹಾ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ಆಟ ನೋಡುತ್ತಿದ್ದ ಗುಬ್ಬಿ, "ನಾ... ನಾನು ಕಳ್ಳಿ ಆಗ್ತೀನಿ" ಎಂದಾಗ ಎಲ್ಲರಿಗೂ ಖುಷಿಯೇ ಆಗಿತ್ತು.

"ಕಳ್ಳಿ ಅಂದ್ರೆ ಮುಳ್ಳಿನ ಗಿಡಾನೂ ಹೌದು, ಹುಷಾರು" ಎಂದು ನರ್ಸಮ್ಮ ನಕ್ಕಿದ್ದಳು.

ಗುಬ್ಬಿಗೆ ಉಗ್ಗು. ಮಾತು ಕಲಿತಾಗಿನಿಂದಲೂ. ಕೆಲವು ಅಕ್ಷರಗಳು ತುಟಿಯವರೆಗೆ ಬಂದು ಹೊಸ್ತಿಲು ದಾಟದೆ ನಿಂತುಬಿಡುತ್ತಿದ್ದವು. 'ಬ' ಮತ್ತು 'ಮ' ಅಂತೂ ಹಠಮಾರಿಗಳು. ಅಪ್ಪ ಮುದ್ದಿನಿಂದ ಇಟ್ಟ ಅಡ್ಡಹೆಸರು ಗುಬ್ಬಿ. ಶಾಲೆಯಲ್ಲಿ ಅದೇ ಮುಳುವಾಯಿತು: ಚಿಲಿಪಿಲಿ ಇಲ್ಲದ ಗುಬ್ಬಿ ಎಂದು ಹುಡುಗರು ಆಡಿಕೊಂಡರು. ಆಗೆಲ್ಲ ಅಡ್ಡ ನಿಂತವಳು ಅಕ್ಕ. ಆರು ವರ್ಷ ದೊಡ್ಡವಳು, ಅರಳು ಹುರಿದಂತೆ ಮಾತಾಡುವವಳು. ತಂಗಿಯ ವಾಕ್ಯ ಎಲ್ಲಿ ನಿಂತಿತೋ ಅಲ್ಲಿಂದ ಎತ್ತಿಕೊಂಡು ಮುಗಿಸುವುದು ಅವಳಿಗೆ ಉಸಿರಾಟದಷ್ಟೇ ಸಹಜವಾಗಿಹೋಯಿತು. ಮುಂದೆ ಅವಳು ವಕೀಲಿ ಓದಿದಾಗ, "ಇವಳು ಹುಟ್ಟಿನಿಂದಲೇ ವಕಾಲತ್ತು ಹಾಕಿದೋಳು" ಎಂದು ಅಪ್ಪ ನಗುತ್ತಿದ್ದರು.

"ಬರ್ಕೊಳ್ಳೇ, ಹೊತ್ತಾಯ್ತು," ಎಂದಳು ಅಕ್ಕ ಈಗ.

ಗುಬ್ಬಿ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೇಲೆ ನಾಲ್ಕು ಕಡೆ ಗುರುತು ಹಾಕಿ ಭಾವನ ಕಡೆ ತಳ್ಳಿದಳು. ಭಾವ ಓದಿ ಹುಬ್ಬೇರಿಸಿದರು.

"ಸುಳ್ಳು ಹೇಳೋದು. ಮನವೊಲಿಸೋದು. ಹೆದರಿಸೋದು. ಮುಖ ನೋಡಿ ಮನಸ್ಸು ಓದೋದು."

ಡ್ರಿಲ್ ಮೇಷ್ಟ್ರ ಗಂಟಲು ತೆರೆಯಿತು. "ಬೀಗ? ಬೀಗ ಯಾರಮ್ಮ ತೆಗೀತಾರೆ? ಅರವತ್ನಾಲ್ಕು ವಿದ್ಯೇಲಿ ಕಳ್ಳತನಾನೂ ಒಂದು ಅಂತ ಹೇಳಿದ್ದು, ಹರಟೆ ಒಂದು ಅಂತ ಅಲ್ಲ!"

"ಎಲ್ಲಾ ಬಾಯಿ ಕೆಲಸಾನೇ," ಎಂದಳು ನರ್ಸಮ್ಮ ಹಾಳೆಯತ್ತ ಬಾಗಿ. "ಒಂದೂ ಕೈ ಕೆಲಸ ಇಲ್ವಲ್ಲ."

ಅಕ್ಕ ತಂಗಿಯ ಮಂಡಿಯ ಮೇಲೆ ಕೈಯಿಟ್ಟಳು. ದನಿ ತಗ್ಗಿಸಿದಳು, ಆ ತಗ್ಗಿದ ದನಿಯೇ ಗುಬ್ಬಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. "ಈ ಆಟದಲ್ಲಿ ಸುಳ್ಳು ಹೇಳ್ತೀನಿ ಅಂದ್ರೆ ಸುಮ್ನೆ ದಾಳ ಎಸೆಯೋದಲ್ಲ ಕಣೆ. ಏನು ಹೇಳ್ತೀಯ ಅಂತ ಇಲ್ಲಿ ಎಲ್ಲರೆದುರು ಆಡಿ ತೋರಿಸ್ಬೇಕು. ಬೀಗ ಆದ್ರೆ ಆರಾಮ. ಯಾಕೆ ಸುಮ್ನೆ ಇಲ್ಲದ ಉಸಾಬರಿ?"

"ವಾ... ವಾರಪೂರ್ತಿ ಬೆ... ಬೆ..." ಗುಬ್ಬಿಯ ತುಟಿ ಕಚ್ಚಿಕೊಂಡಿತು.

"ಬೆರಳಿನ ಕೆಲಸ ಮಾಡ್ತೀಯ, ಭಾನುವಾರಾನೂ ಅದೇ ಬೇಡ, ಅಲ್ವಾ?" ಎಂದು ಅಕ್ಕ ಮುಗಿಸಿಬಿಟ್ಟಳು. ಸರಿಯಾಗಿಯೇ ಮುಗಿಸಿದ್ದಳು. ಅದೇ ಕಷ್ಟ. ಹತ್ತರಲ್ಲಿ ಒಂಬತ್ತು ಸಲ ಅಕ್ಕನ ಊಹೆ ಸರಿಯಿರುತ್ತಿತ್ತು, ಹಾಗಾಗಿ ಅದು ತಪ್ಪೆಂದು ಹೇಳುವುದಕ್ಕೆ ಗುಬ್ಬಿಗೆ ಜಾಗವೇ ಸಿಗುತ್ತಿರಲಿಲ್ಲ.

ಭಾವ ಹಾಳೆಯನ್ನು ಅವಳಿಗೇ ವಾಪಸು ಕೊಟ್ಟರು. "ಪಾತ್ರ ಅವಳದ್ದು. ನಾಲ್ಕರಲ್ಲಿ ಎರಡು ವಿದ್ಯೆ ಕರಗತ ಅಂತ ಆರಿಸ್ಕೋಬಹುದು, ಅದಕ್ಕೆ ಅಂಕ ಎರಡರಷ್ಟು. ಯಾವುದು ಗುಬ್ಬಿ?"

ಗುಬ್ಬಿ ಮನವೊಲಿಸುವುದರ ಕೆಳಗೊಂದು, ಮುಖ ಓದುವುದರ ಕೆಳಗೊಂದು ಗೆರೆ ಎಳೆದಳು.

ಮುಖ ಓದುವುದನ್ನು ಅವಳು ಯಾರಿಂದಲೂ ಕಲಿಯಬೇಕಿರಲಿಲ್ಲ. ಮಾತು ತಡೆದು ನಿಂತಾಗ ಎದುರಿನವರ ಮುಖ ನೋಡುವುದಲ್ಲದೆ ಬೇರೇನು ಕೆಲಸ? ಕೆಲವರು ಗಡಿಯಾರ ನೋಡುತ್ತಾರೆ. ಕೆಲವರ ತುಟಿ ಇವಳ ತುಟಿಯ ಜೊತೆಗೇ ತೆರೆದುಕೊಳ್ಳುತ್ತದೆ. ಕೆಲವರು ನೆಲ ನೋಡುತ್ತಾರೆ, ತಾವೇ ಏನೋ ಅನಾಹುತ ಮಾಡಿದವರಂತೆ. ಅವರನ್ನೆಲ್ಲ ಮುಜುಗರದಿಂದ ಪಾರು ಮಾಡಲೆಂದು ಗುಬ್ಬಿ ಸುಲಭದ ಮಾತು ಹುಡುಕುತ್ತಿದ್ದಳು. ಬಸ್ಸಿನಲ್ಲಿ ಇಳಿಯಬೇಕಾದ ನಿಲ್ದಾಣದ ಹೆಸರು ನಾಲಿಗೆಗೆ ಬಾರದೆ, ಮುಂದಿನ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಂಡು ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದದ್ದೂ ಉಂಟು.

ಆಟ ಶುರುವಾಯಿತು. ಕೋಟೆಯ ಹೆಬ್ಬಾಗಿಲು. ಒಳಗೆ ಬಿಡದೆ ನಿಂತ ಕಾವಲು ದಳದ ಮುಖ್ಯಸ್ಥ. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೀಸೆ ಇಲ್ಲದಿದ್ದರೂ ಮೀಸೆ ತಿರುವುತ್ತಾ, "ಯಾರು ನೀವು? ಈ ಹೊತ್ತಲ್ಲಿ ಏನು ಕೆಲಸ?" ಎಂದರು.

ಗುಬ್ಬಿ ಸುಳ್ಳನ್ನು ಮನಸ್ಸಿನಲ್ಲಿ ಆಗಲೇ ಹೆಣೆದಿದ್ದಳು. "ನಾವು ನಾಟಕದವರು. ರಾಣಿಯವರು ನಮ್ಮನ್ನ ಬ... ಬ..."

ಬಾಯಿ ಬೀಗ ಹಾಕಿಕೊಂಡಿತು. ಭಾವ ಕಣ್ಣು ಕದಲಿಸಲಿಲ್ಲ. ಕಾವಲಿನವನಾಗಿಯೇ ಕಾದರು.

"ಬರೋಕೆ ಹೇಳಿದಾರೆ," ಎಂದಳು ಅಕ್ಕ.

"ಅ... ಅದನ್ನ ನಾನು ಹೇಳಿಲ್ಲ," ಎಂದಳು ಗುಬ್ಬಿ.

"ಅದನ್ನೇ ತಾನೇ ಹೇಳೋಕೆ ಹೊರಟಿದ್ದೆ?"

"ಅಲ್ಲ." ಅವಳ ಮುಖ ಕೆಂಪಗಾಗಿತ್ತು. ಆದರೂ ಅಕ್ಕನ ಕಡೆ ತಿರುಗಲಿಲ್ಲ. ಕಾವಲಿನವನನ್ನೇ ನೋಡುತ್ತಾ, ಆ ಹಠಮಾರಿ ಅಕ್ಷರವನ್ನು ಮತ್ತೆ ಹಿಡಿದಳು. ಹಿಂದಿನ ಹಾಗೆ ಬೇರೆ ಮಾತಿಗೆ ಹಾರಲಿಲ್ಲ. ಅದು ಹೊರಬರಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ತೆಗೆದುಕೊಂಡಿತು. "ಬ... ಬಚ್ಚಿಡೋಕೆ ಹೇಳಿದಾರೆ. ಈ ಕೋಟೇಲಿ. ರಾಜರಿಗೆ ಗೊತ್ತಾಗದ ಹಾಗೆ. ಅವರ ಹುಟ್ಟುಹಬ್ಬಕ್ಕೆ ನಾವೇ ಉಡುಗೊರೆ."

ನರ್ಸಮ್ಮ ಚಪ್ಪಾಳೆ ತಟ್ಟಿದಳು. "ಅಯ್ಯೋ, ಇದು ಎಷ್ಟು ಚೆನ್ನಾಗಿದೆ!"

ಸುಳ್ಳೇನೋ ಚೆನ್ನಾಗಿತ್ತು. ದಾಳ ಚೆನ್ನಾಗಿರಲಿಲ್ಲ. ಉರುಳಿ ಉರುಳಿ ಎರಡರ ಮೇಲೆ ನಿಂತಿತು. ಕಾವಲಿನವನಿಗೆ ನಾಟಕದವರ ಸೊಂಟದಲ್ಲಿ ನಿಜವಾದ ಕತ್ತಿ ಕಾಣಿಸಿತು. ಚಹಾ ಎರಡನೇ ಸಲ ಬರುವ ಹೊತ್ತಿಗೆ ನಾಲ್ವರೂ ಕೋಟೆಯ ನೆಲಮಾಳಿಗೆಯ ಸೆರೆಯಲ್ಲಿದ್ದರು. ಕಬ್ಬಿಣದ ಬಾಗಿಲಿಗೆ ಅಂಗೈಯಗಲದ ಬೀಗ.

"ಬೀಗ!" ಎಂದರು ಡ್ರಿಲ್ ಮೇಷ್ಟ್ರು ಎರಡೂ ಕೈ ಮೇಲೆತ್ತಿ. "ನಾನು ಆಗಲೇ ಬಡ್ಕೊಂಡೆ. ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನಮ್ಮ ಕಳ್ಳಿ ಮಾತಾಡಿ ಜೈಲಿಗೇ ಹಾಕಿಸಿದಳಲ್ಲಮ್ಮ!"

"ಹೋಗ್ಲಿ ಬಿಡಿ ಮೇಷ್ಟ್ರೆ," ಎಂದ ಅಕ್ಕ ಗಂಡನ ಕಡೆ ತಿರುಗಿದಳು. "ರೀ, ಮೊದಲನೇ ಆಟ ಅಲ್ವಾ, ವಿದ್ಯೆ ಬದಲಾಯಿಸ್ಕೊಳ್ಳೋಕೆ ಬಿಡಿ ಅವಳಿಗೆ. ಒಂದು ತೆಗೆದು ಬೀಗ ಹಾಕ್ಕೊಳ್ಳಲಿ."

"ಬೇಕಾದ್ರೆ ಬದಲಾಯಿಸ್ಕೋಬಹುದು," ಎಂದರು ಭಾವ. "ಬೇಕಾ ಗುಬ್ಬಿ?"

"ಬೇಡ," ಎಂದಳು ಗುಬ್ಬಿ. ಒಂದೇ ಏಟಿಗೆ ಬಂತು. 'ಬ' ಅಕ್ಷರಕ್ಕೂ ಒಮ್ಮೊಮ್ಮೆ ಅವಳ ಕಡೆಯವನಾಗಬೇಕು ಅನಿಸುತ್ತಿತ್ತೋ ಏನೋ.

ಅವಳು ಸೆರೆಮನೆಯ ಪಹರೆಯವನನ್ನು ಕರೆದಳು. ಭಾವ ಈ ಸಲ ಕುಗ್ಗಿ ಕೂತು, ಮೂಗು ಒರೆಸಿಕೊಳ್ಳುತ್ತಾ ಬಂದರು. ಮುಖ ಓದುತ್ತೇನೆಂದು ಗುಬ್ಬಿ ದಾಳ ಉರುಳಿಸಿದಳು. ಅಂಕ ಚೆನ್ನಾಗಿಯೇ ಬಿತ್ತು. ಪಹರೆಯವನಿಗೆ ತನ್ನ ಜೀವದ ಬಗ್ಗೆ ವಿಪರೀತ ಭಯ, ಶೀತವಾದರೂ ಸತ್ತೇಹೋದೆ ಅನ್ನುವ ಗಿರಾಕಿ ಎಂದು ಭಾವ ತಿಳಿಸಿದರು. ಗುಬ್ಬಿ ದಂಡನಾಯಕನ ಕಡೆ ಬೆರಳು ಮಾಡಿದಳು.

"ಅವರ ಹತ್ರ ಬರಬೇಡಿ. ಅವರಿಗೆ ಬಂದಿರೋದು ಮ... ಮ..."

ಯಾರೂ ಬಾಯಿ ಹಾಕಲಿಲ್ಲ. ಅಕ್ಕ ಕೂಡ ತುಟಿ ಕಚ್ಚಿ ಹಿಡಿದಿದ್ದಳು. ಗೋಡೆಯ ಮೇಲಿನ ಫ್ಯಾನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿತು.

"ಏನು? ಏನು ಬಂದಿದೆ ಅವರಿಗೆ?" ಎಂದ ಪಹರೆಯವನು, ದನಿ ನಡುಗಿಸುತ್ತಾ.

"ಮ... ಮೈಯೆಲ್ಲಾ ಹಸಿರಾಗೋ ರೋಗ. ಅಂಟತ್ತೆ. ನಮ್ಮನ್ನ ಕಾಡಿಗೆ ಬಿಡ್ಬೇಕು, ಇಲ್ಲಾಂದ್ರೆ ಕೋಟೆ ಪೂರ್ತಿ ಹೋಗತ್ತೆ. ಮೊದಲು ಹೋಗೋದು ಬೀ... ಬೀಗ ಕಾಯೋರು."

ಡ್ರಿಲ್ ಮೇಷ್ಟ್ರು ತಮ್ಮ ಪಾತ್ರ ಮರೆಯದೆ, ಮನೆ ಅದುರುವ ಹಾಗೆ ಕೆಮ್ಮಿದರು. ದಾಳ ಹದಿನೇಳರ ಮೇಲೆ ಕೂತಿತು. ಪಹರೆಯವನು ಬೀಗದ ಕೈಯನ್ನು ದೂರದಿಂದಲೇ ಎಸೆದು ಓಡಿಹೋದ.

ಮೇಜಿನ ಸುತ್ತ ನಗುವೋ ನಗು. ಅಕ್ಕ ತಂಗಿಯ ಬೆನ್ನು ತಟ್ಟಿದಳು. "ಭೇಷ್ ಕಣೆ! ಉಗ್ಗನ್ನೇ ಎಷ್ಟು ಚೆನ್ನಾಗಿ ಉಪಯೋಗಿಸ್ಕೊಂಡೆ! ಆ ನಿಲ್ಲಿಸಿದ್ದು ಇದೆಯಲ್ಲ, ಎಲ್ಲರಿಗೂ ಎದೆ ಢವಢವ ಅಂತು."

ಗುಬ್ಬಿ ನಗುವುದನ್ನು ನಿಲ್ಲಿಸಿದಳು. "ಉ... ಉಪಯೋಗಿಸ್ಕೊಳ್ಳಲಿಲ್ಲ ಅಕ್ಕ. ಮಾತಾಡಿದೆ, ಅಷ್ಟೇ."

ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಗುಬ್ಬಿಯೂ ವಿವರಿಸಲು ಹೋಗಲಿಲ್ಲ.

ಗುಬ್ಬಿಯ ಕೆಲಸ ಒಂದು ಕನ್ನಡಕದ ಅಂಗಡಿಯಲ್ಲಿ. ಮುಂದೆ ಗಾಜಿನ ಕಪಾಟುಗಳು, ಕನ್ನಡಿಗಳು, ಮೆತ್ತನೆಯ ಸ್ಟೂಲುಗಳು. ಹಿಂದೆ, ಪರದೆಯ ಆಚೆ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ಮಸೂರಗಳನ್ನು ಫ್ರೇಮಿನ ಆಕಾರಕ್ಕೆ ಉಜ್ಜುವ ಯಂತ್ರ ಅಲ್ಲಿ ದಿನವಿಡೀ ನೀರು ಚಿಮ್ಮಿಸುತ್ತಾ ಕಿರುಗುಟ್ಟುತ್ತಿತ್ತು. ಅದರ ಮುಂದೆ ಕೂತು ಗುಬ್ಬಿ ಅಂಚು ಉಜ್ಜುತ್ತಿದ್ದಳು, ಸ್ಕ್ರೂ ಬಿಗಿಯುತ್ತಿದ್ದಳು, ಮೂಗಿನ ಮೆತ್ತೆ ಬದಲಿಸುತ್ತಿದ್ದಳು. ಕೆಲಸ ಚೆನ್ನಾಗಿ ಮಾಡುತ್ತಿದ್ದಳು, ಬೇಸರ ಪಟ್ಟುಕೊಂಡೇ. ಅವಳಿಗೆ ಇಷ್ಟವಿದ್ದದ್ದು ಪರದೆಯ ಆಚೆ. ಹೊಸ ಕನ್ನಡಕ ಮೊದಲ ಸಲ ಹಾಕಿಕೊಂಡು ಬೀದಿಯ ಕಡೆ ನೋಡಿದವರ ಮುಖ ಹೇಗಾಗುತ್ತದೆ ಎಂಬುದನ್ನು ಅವಳು ಪರದೆಯ ಸಂದಿಯಿಂದ ಎಷ್ಟೋ ಸಲ ನೋಡಿದ್ದಳು.

ಮುಂದೆ ಕೂರುತ್ತಿದ್ದ ಹುಡುಗಿ ಆ ತಿಂಗಳು ಮದುವೆಯಾಗಿ ಬೇರೆ ಊರಿಗೆ ಹೊರಟಳು. ಅಂಗಡಿಯ ಯಜಮಾನರು ಬಾಗಿಲಿಗೆ 'ಕೆಲಸಕ್ಕೆ ಬೇಕಾಗಿದ್ದಾರೆ' ಎಂಬ ಚೀಟಿ ಅಂಟಿಸಿದರು. ಅಂಟಿಸಿ ತಿರುಗುವಷ್ಟರಲ್ಲಿ ಗುಬ್ಬಿ ಎದುರಿಗೆ ನಿಂತಿದ್ದಳು.

"ಸರ್, ಕೌ... ಕೌಂಟರಿಗೆ ನನ್ನ ಹಾಕಿ."

ಯಜಮಾನರು ಕೆಟ್ಟವರಲ್ಲ. ಕಿವಿಯ ಹಿಂದೆ ಯಾವಾಗಲೂ ಒಂದು ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುವ, ಮಾತಿಗೆ ಮುಂಚೆ ತಲೆ ಕೆರೆದುಕೊಳ್ಳುವ ಮನುಷ್ಯ. ಈಗಲೂ ಕೆರೆದುಕೊಂಡರು. "ಅಲ್ಲಮ್ಮ, ನೀನೇ ತಾನೇ ಮುಂದೆ ಕೂರೋದು ಬೇಡ ಅಂದಿದ್ದು?"

"ನಾನು ಯಾವಾಗ ಹಾಗಂದೆ?"

"ಕೆಲಸಕ್ಕೆ ಸೇರಿದಾಗ. ನಿಮ್ಮಕ್ಕ ಹೇಳಿ ಹೋದ್ರಲ್ಲ. ಅವಳಿಗೆ ಗಿರಾಕಿಗಳ ಮುಂದೆ ಹಿಂಸೆ ಆಗತ್ತೆ, ದಯವಿಟ್ಟು ಒಳಗೇ ಇಟ್ಕೊಳ್ಳಿ, ಅವಳದ್ದೇ ಕೋರಿಕೆ ಅಂತ. ಹೋದ ವರ್ಷ ಆ ಜಾಗ ಖಾಲಿ ಆದಾಗ್ಲೂ ನಾನು ಅವರಿಗೇ ಫೋನ್ ಮಾಡಿ ಕೇಳಿದೆ. ಬೇಡ್ವಂತೆ ಅಂದ್ರು."

ಆ ಕಿರುಗುಟ್ಟುವ ಕೋಣೆಯನ್ನು ಗುಬ್ಬಿ ತನ್ನ ಹಣೆಬರಹ ಎಂದುಕೊಂಡಿದ್ದಳು. ಯಜಮಾನರಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಂಡು ಎಷ್ಟೋ ದಿನ ಒಳಗೊಳಗೇ ಅವರನ್ನು ಬೈದಿದ್ದಳು. ಹಣೆಯಲ್ಲಿ ಬರೆದ ಕೈ ಯಾವುದೆಂದು ಈಗ ತಿಳಿಯಿತು.

"ಅ... ಅರ್ಧ ದಿನ ರಜೆ ಕೊಡಿ ಸರ್," ಎಂದಳು. "ಆ ಚೀಟಿ ಕಿತ್ತುಹಾಕಿ. ನಾನು ಬ... ಬರ್ತೀನಿ."

ಅಕ್ಕನ ಆಫೀಸು ಕೋರ್ಟಿನ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ. ಮೆಟ್ಟಿಲಿನುದ್ದಕ್ಕೂ ಕಕ್ಷಿದಾರರು ಕೂತಿದ್ದರು. ಗುಬ್ಬಿ ಅವರನ್ನೆಲ್ಲ ದಾಟಿ ನೇರ ಒಳಗೆ ಹೋದಳು. ಅಕ್ಕ ಕಪ್ಪು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು.

"ಏನೇ ಇಷ್ಟು ಹೊತ್ತಲ್ಲಿ? ಮೈ ಸರಿ ಇಲ್ವಾ? ಅಂಗಡೀಲಿ ಏನಾದ್ರೂ ಅಂದ್ರಾ? ತಡಿ, ಅವರಿಗೊಂದು ಫೋನ್..."

"ಫೋನ್ ಕೆಳಗಿಡು."

ಅಕ್ಕ ಇಟ್ಟಳು.

"ನ... ನಂಗೆ ಮುಂದೆ ಕೂರೋದು ಬೇಡ ಅಂತ ಯಾರು ಹೇಳಿದ್ದು?"

ಅಕ್ಕನ ಮುಖವನ್ನು ಓದಲು ದಾಳ ಬೇಕಿರಲಿಲ್ಲ. ಮೊದಲು ಬಣ್ಣ ಇಳಿಯಿತು. ಆಮೇಲೆ ವಕೀಲೆ ಎದ್ದು ಕೂತಳು. "ನೋಡು, ಆಗ ಹೇಗಿತ್ತು ಪರಿಸ್ಥಿತಿ ಅಂತ ಯೋಚನೆ ಮಾಡು. ಅದಕ್ಕೂ ಮುಂಚಿನ ಕೆಲಸದಲ್ಲಿ ಯಾರೋ ಗಿರಾಕಿ ಅಣಕಿಸಿದ ಅಂತ ನೀನು ಮೂರು ದಿನ ಊಟ ಬಿಟ್ಟಿದ್ದೆ. ಅದನ್ನ ನೋಡಿದೋಳು ನಾನು. ಇನ್ನೊಂದು ಸಲ ಹಾಗಾಗಬಾರದು ಅಂತ..."

"ಅ... ಅಕ್ಕ."

"ನಾನು ಹೇಳೋದು ಪೂರ್ತಿ ಕೇಳು. ನಿನಗೆ..."

"ನೀನು ಕೇಳು!" ಮೆಟ್ಟಿಲ ಮೇಲಿನ ಕಕ್ಷಿದಾರರು ಕುತ್ತಿಗೆ ಉದ್ದ ಮಾಡಿದರು. ಗುಬ್ಬಿ ದನಿ ತಗ್ಗಿಸಲಿಲ್ಲ. "ಇಲ್ಲಿ ಕೂತಿರೋರ ಪರವಾಗಿ ಮಾತಾಡೋಕೆ ಅವರ ಕೈಲಿ ಸ... ಸಹಿ ಹಾಕಿಸ್ಕೊಳ್ತೀಯ ತಾನೇ? ನನ್ನ ಕೈಲಿ ಯಾವಾಗ ಹಾಕಿಸ್ಕೊಂಡೆ?"

ಅಕ್ಕ ಬಾಯಿ ತೆರೆದಳು. ಗುಬ್ಬಿ ಕೈ ಅಡ್ಡ ಹಿಡಿದಳು. ಮುಂದಿನ ಮಾತು ಸುಲಭವಾಗಿ ಬರಲಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹಿಂದೆಲ್ಲ ಈ ಹೊತ್ತಿನಲ್ಲಿ ತಾನೇ ಕೈಚೆಲ್ಲಿ ಅಕ್ಕನ ಕಡೆ ನೋಡುತ್ತಿದ್ದಳು, ಎತ್ತಿಕೊಳ್ಳಲು ಕೈ ಚಾಚುವ ಮಗುವಿನಂತೆ. ಇವತ್ತು ನೋಡಲಿಲ್ಲ.

"ಮ... ಮೂರು ದಿನ ಊಟ ಬಿಟ್ಟೆ. ಹೌದು. ನಾ... ನಾಲ್ಕನೇ ದಿನ ಉಂಡೆ. ಐದನೇ ದಿನ ಅದೇ ಕೆಲಸಕ್ಕೆ ಹೋಗೋಕೆ ಹೊರಟೆ. ಅಷ್ಟು ಹೊತ್ತಿಗೆ ನೀನು ಫೋನ್ ಮಾಡಿ ನನ್ನ ಕೆಲಸ ಬಿ... ಬಿಡಿಸಿದ್ದೆ."

"ಸ್ಕೂಲಲ್ಲಿ ಅವರೆಲ್ಲ ನಗ್ತಿದ್ದಾಗ," ಎಂದಳು ಅಕ್ಕ. ದನಿ ಒಡೆದಿತ್ತು. "ಯಾರು ಜಗಳ ಆಡಿದ್ದು? ನಾನು ತಾನೇ?"

"ನೀನೇ. ಅದನ್ನ ಮರೆತಿಲ್ಲ. ಆದ್ರೆ ನಿಂಗೆ ಜಗಳ ಆಡಿ ಆಡಿ ಬಾಯಿ ಗಟ್ಟಿ ಆಯ್ತು. ನಂಗೆ ಒಂದು ಜಗಳಾನೂ ಆಡೋಕೆ ಬಿಡ್ಲಿಲ್ಲ ನೀನು."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. ಊಟ ಅರ್ಧಕ್ಕೇ ನಿಂತಿತ್ತು. "ಮತ್ತೆ ಯಾರಾದ್ರೂ ಅಣಕಿಸಿದ್ರೆ?" ಎಂದಳು.

"ಅ... ಅಣಕಿಸ್ತಾರೆ. ಅವರ ಕನ್ನಡಕ ತಡ ಮಾಡಿ ಕೊಡ್ತೀನಿ," ಎಂದು ಗುಬ್ಬಿ ಹೊರಟಳು.

ಯಜಮಾನರು ಚೀಟಿಯನ್ನು ಕಿತ್ತಿರಲಿಲ್ಲ. ಮರುದಿನ ಬೆಳಗ್ಗೆ ಗುಬ್ಬಿಯೇ ಕಿತ್ತಳು. "ಅದು ಹಾಗಲ್ಲಮ್ಮ," ಎಂದರು ಅವರು. "ಜನಕ್ಕೆ ತಾಳ್ಮೆ ಇಲ್ಲ. ನಿನಗೇ ಗೊತ್ತಲ್ಲ."

"ಕಣ್ಣು ಪರೀಕ್ಷೆಗೆ ಅರ್ಧ ಗಂಟೆ ಕೂತಿರ್ತಾರೆ ಸರ್. ಫ್ರೇಮ್ ಆರಿಸೋಕೆ ಒಂದು ಗಂಟೆ. ನನ್ನ ಮಾ... ಮಾತಿಗೆ ಅರ್ಧ ನಿಮಿಷ ಕೂರಲ್ವಾ?"

ಯಜಮಾನರು ತಲೆ ಕೆರೆದುಕೊಂಡರು. ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತಾ, "ಈ ತಿಂಗಳು ನೋಡೋಣ," ಎಂದರು.

ಕೂತರು ಕೆಲವರು. ಕೆಲವರು ಕೂರಲಿಲ್ಲ. ಒಬ್ಬ ಹೆಂಗಸು ಗುಬ್ಬಿಯ ಪ್ರತಿ ಮಾತನ್ನೂ ತಾನೇ ಮುಗಿಸಿಕೊಟ್ಟಳು, ಪ್ರತಿ ಸಲವೂ ತಪ್ಪಾಗಿ. ಗುಬ್ಬಿ ಪ್ರತಿ ಸಲವೂ "ಅಲ್ಲ" ಎಂದು ಮತ್ತೆ ಶುರು ಮಾಡಿದಳು, ಕಡೆಗೆ ಆಕೆ ಸೋತು ನಕ್ಕು ಎರಡು ಫ್ರೇಮ್ ಕೊಂಡಳು. ಒಬ್ಬ ಮುದುಕರು, "ಆತುರ ಇಲ್ಲಮ್ಮ, ನಂಗೆ ಕಿವೀನೂ ನಿಧಾನ" ಎಂದರು. ಇನ್ನೊಬ್ಬ, ಇಸ್ತ್ರಿ ಮುರಿಯದ ಅಂಗಿಯವನು, ಅವಳ ಮೊದಲ ವಾಕ್ಯ ನಡುವೆ ನಿಂತದ್ದೇ ಸುತ್ತಲೂ ಕಣ್ಣಾಡಿಸಿದ.

"ಬೇರೆ ಯಾರೂ ಇಲ್ವಾ ಇಲ್ಲಿ?"

ಯಜಮಾನರು ಒಳಗಿನಿಂದ ಎದ್ದು ಬಂದೇಬಿಟ್ಟರು. ಗುಬ್ಬಿ ತಿರುಗಿ ಅವರನ್ನು ನೋಡಿದಳು. ಬರಬೇಡಿ ಎಂದು ಹೇಳಲಿಲ್ಲ. ಕಣ್ಣಲ್ಲೇ ಅಷ್ಟು ಹೇಳಿದ್ದು ಅವರಿಗೆ ಸಾಕಾಯಿತು, ಪರದೆ ಹಿಡಿದುಕೊಂಡು ಅಲ್ಲೇ ನಿಂತರು.

"ಇದಾರೆ," ಎಂದಳು ಗುಬ್ಬಿ ಗಿರಾಕಿಗೆ. "ಆದ್ರೆ ಇ... ಇಲ್ಲಿ ಕೂರೋದು ನಾನು. ನಿಮ್ಮ ಎಡಗಣ್ಣಿನ ನಂಬರ್ ಬ... ಬ..."

ಅವನು ಗಡಿಯಾರ ನೋಡಿದ. ಅವಳು ನಿಲ್ಲಿಸಲಿಲ್ಲ.

"...ಬದಲಾಗಿದೆ. ಹಳೇ ಗಾಜು ಹಾಕ್ಕೊಂಡ್ರೆ ತಲೆನೋವು ಹೋಗಲ್ಲ."

"ನನಗೆ ಇಷ್ಟೆಲ್ಲ ಟೈಮಿಲ್ಲ," ಎಂದು ಅವನು ಹೋದ. ಹೋದವನು ಮತ್ತೆ ಬರಲೂ ಇಲ್ಲ. ಎದುರು ಬದಿಯ ಅಂಗಡಿಗೆ ಹೊಕ್ಕದ್ದು ಗಾಜಿನಿಂದ ಕಾಣಿಸಿತು. ಗುಬ್ಬಿ ಬಟ್ಟೆ ತೆಗೆದುಕೊಂಡು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದಳು.

"ಒಬ್ಬ ಹೋದ," ಎಂದರು ಯಜಮಾನರು.

"ಹೋಗ್ಲಿ," ಎಂದಳು ಗುಬ್ಬಿ. "ಮು... ಮುಂದಿನೋರನ್ನ ಕರೀಲಾ?"

ಅವರು ತಲೆಯಾಡಿಸಿ ಒಳಗೆ ಹೋದರು. ತಿಂಗಳು ಮುಗಿದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಳಗಿನ ಯಂತ್ರಕ್ಕೆ ಹೊಸಬರೊಬ್ಬರು ಬಂದರು.

ಈ ನಡುವೆ ಭಾನುವಾರದ ಆಟ ನಿಂತಿರಲಿಲ್ಲ. ಅಕ್ಕ ಮಾತ್ರ ತಲೆನೋವು ಎಂದು ಎರಡು ವಾರ ಒಳಕೋಣೆಯಲ್ಲಿ ಮಲಗಿದಳು. ಸನ್ಯಾಸಿನಿ ಇಲ್ಲದೆ ದಂಡನಾಯಕನ ಗಾಯ ಮಾಯದೆ ಡ್ರಿಲ್ ಮೇಷ್ಟ್ರು ಗೊಣಗಿದರು. ಭಾವ ಯಾರ ಪರವೂ ವಹಿಸಲಿಲ್ಲ. ನಕ್ಷೆಯ ಮೇಲೆ ಸುರಂಗ ಬರೆಯುತ್ತಾ, "ಅವಳಿಗೂ ಸ್ವಲ್ಪ ಹೊತ್ತು ಕೊಡು" ಎಂದರು. ಆ ಹೊತ್ತಿಗೆ ಗುಬ್ಬಿಯ ಕಳ್ಳಿ ಒಂದು ಮೆಟ್ಟಿಲು ಮೇಲೇರಿದ್ದಳು. ಹೊಸದೊಂದು ವಿದ್ಯೆ ಸೇರಿಸಿಕೊಳ್ಳಬಹುದಿತ್ತು. ಮೇಷ್ಟ್ರು ಆಸೆಗಣ್ಣಿನಿಂದ ನೋಡಿದರು. ನರ್ಸಮ್ಮ ಕೈ ಮುಗಿದಳು. ಗುಬ್ಬಿ ಹಾಡುವುದು ಎಂದು ಬರೆದುಕೊಂಡಳು.

"ಬೀಗಕ್ಕೆ ಹಾಡ್ತೀಯೇನಮ್ಮ?" ಎಂದರು ಮೇಷ್ಟ್ರು ಹತಾಶರಾಗಿ.

"ಬೀ... ಬೀಗ ಒಡೀರಿ ಮೇಷ್ಟ್ರೆ. ನಿಮ್ಮ ಹತ್ರ ಕತ್ತಿ ಇದೆಯಲ್ಲ," ಎಂದಳು ಗುಬ್ಬಿ.

ಅಕ್ಕ ಅಂಗಡಿಗೆ ಬಂದದ್ದು ಒಂದು ಕೆಲಸದ ದಿನ, ಕೋರ್ಟು ಮುಗಿದ ಮೇಲೆ. ಕೈಯಲ್ಲಿ ಕಣ್ಣು ಡಾಕ್ಟರ ಚೀಟಿ. ತಲೆನೋವು ಸುಳ್ಳಾಗಿರಲಿಲ್ಲ, ಕಾಗದಗಳನ್ನು ತೋಳುದ್ದ ದೂರ ಹಿಡಿದು ಓದುವಷ್ಟು ಕಣ್ಣು ಹಾಳಾಗಿತ್ತು. ಮುಂದೆ ಇಬ್ಬರು ಗಿರಾಕಿಗಳಿದ್ದರು. ಗುಬ್ಬಿ ಅವಳನ್ನು ನೋಡಿದಳು, ಸ್ಟೂಲು ತೋರಿಸಿದಳು, ತನ್ನ ಕೆಲಸ ಮುಂದುವರಿಸಿದಳು. ಅಕ್ಕ ಕೂತಳು. ಯಾರದೋ ಹೆಸರು ಕೇಳುವಾಗ ಗುಬ್ಬಿಯ ಮಾತು ತಡೆಯಿತು. ಅಕ್ಕನ ಕತ್ತು ತಾನಾಗಿ ಮುಂದೆ ಬಂತು, ತುಟಿ ತೆರೆಯಿತು. ಅವಳು ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡು ಬೀದಿಯ ಕಡೆ ತಿರುಗಿದಳು. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರ ಮುಂದೆ ಅಷ್ಟು ಕಷ್ಟಪಟ್ಟಿದ್ದಳೋ ಇಲ್ಲವೋ.

ಅವಳ ಸರದಿ ಬಂತು. ಇಬ್ಬರೂ ಎದುರುಬದುರು ಕೂತರು, ನಡುವೆ ಒಂದು ಗೇಣು ಗಾಜು. ಗುಬ್ಬಿ ಚೀಟಿ ಓದಿದಳು.

"ಓ... ಓದೋಕೆ ಬೇರೆ, ದೂರಕ್ಕೆ ಬೇರೆ ನಂಬರ್ ಇದೆ. ಎರಡೂ ಒಂದೇ ಕನ್ನಡಕದಲ್ಲಿ ಬೇಕಾದ್ರೆ ಮೊ... ಮೊ..."

ಅಕ್ಕ ಕಾದಳು. ಎಡಗೈಯಿಂದ ಬಲಗೈ ಹಿಡಿದುಕೊಂಡು ಕಾದಳು.

"...ಮೊದಲು ಸ್ವಲ್ಪ ದಿನ ಮೆಟ್ಟಿಲು ಇಳಿಯೋವಾಗ ತಲೆ ಸುತ್ತತ್ತೆ. ಅಭ್ಯಾಸ ಆಗತ್ತೆ."

"ಎಷ್ಟು ದಿನ ಬೇಕಾಗತ್ತೆ?" ಎಂದಳು ಅಕ್ಕ.

"ಅದು ನಿನ್ನ ಮೇಲಿದೆ." ಗುಬ್ಬಿ ಅಳತೆಪಟ್ಟಿ ಎತ್ತಿಕೊಂಡು ಮುಂದೆ ಬಾಗಿದಳು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕಿತ್ತು. ಅಷ್ಟು ಹತ್ತಿರದಲ್ಲಿ ಅಕ್ಕನ ಕಣ್ಣಿನ ಅಂಚು ಒದ್ದೆಯಾಗಿರುವುದು ಕಾಣಿಸಿತು. ಏನೋ ಹೇಳಲು ಅಕ್ಕ ಉಸಿರೆಳೆದುಕೊಂಡಳು.

"ಅಲ್ಲಾಡ್ಬೇಡ ಅಕ್ಕ, ಅಳತೆ ತಪ್ಪತ್ತೆ," ಎಂದಳು ಗುಬ್ಬಿ. "ನನ್ನ ಮೂಗು ನೋಡು. ಮಾ... ಮಾ..."

ಪರದೆಯ ಆಚೆ ಯಂತ್ರ ಕಿರುಗುಟ್ಟಿತು.

"...ಮಾತಾಡ್ಬೇಡ."

ಅಕ್ಕ ಅವಳ ಮೂಗನ್ನೇ ನೋಡುತ್ತಾ ಕೂತಳು.